ಭಾವನವರ ಬಾಡಿಲ್ಲದ ಬಾಡೂಟ

ನಾನು ಓದು ನಿಲ್ಲಿಸಿದ್ದು ೧೯೮೮ರಲ್ಲಿ, ಎಂಟನೇ ತರಗತಿಯ ಮಧ್ಯದಲ್ಲಿ. ಮೇಷ್ಟ್ರು ಓಡಿಸಿದರು ಎಂದು ಯಾರೂ ತಿಳಿಯಬಾರದು, ನಾನೇ ಬಿಟ್ಟೆ. ಅದೇ ವರ್ಷ ನಮ್ಮಕ್ಕನ ಮದುವೆಯಾಯಿತು. ಬೀಗರೂಟದ ದಿನ ಪಾತ್ರೆ ತೊಳೆಯಲು ಆಳು ಸಾಲದೆ ನನ್ನನ್ನು ಕೂರಿಸಿದರು. ಆವತ್ತು ಹಿಡಿದ ಪಾತ್ರೆಯನ್ನು ನಾನು ಮತ್ತೆ ಕೆಳಗಿಡಲಿಲ್ಲ. ಪಾತ್ರೆಯಿಂದ ಒಲೆಗೆ ಬಂದೆ, ಒಲೆಯಿಂದ ಸ್ವಂತ ಹೋಟೆಲಿಗೆ ಬಂದೆ. ಅರಸೀಕೆರೆ ರೈಲ್ವೆ ಸ್ಟೇಷನ್ನಿನಿಂದ ಹೊರಗೆ ಬಂದು, ಒಳ್ಳೆಯ ಮುದ್ದೆ–ಬಾಡು ಎಲ್ಲಿ ಸಿಗುತ್ತದೆ ಎಂದು ಯಾರನ್ನಾದರೂ ಕೇಳಿ ನೋಡಿ. ನನ್ನ ಬಾಯಿಂದ ನಾನು ಹೇಳುವುದು ಚೆನ್ನಾಗಿರುವುದಿಲ್ಲ.

ಆದರೆ ಇದು ನನ್ನ ಕತೆಯಲ್ಲ, ಅಕ್ಕನನ್ನು ಕಟ್ಟಿಕೊಂಡ ಭಾವನವರ ಕತೆ. ಹಾಸನ ಜಿಲ್ಲೆಯ ಕುರಿಗಳೆಲ್ಲ ಒಂದು ಸಭೆ ಸೇರಿ ಯಾರಿಗಾದರೂ ಸನ್ಮಾನ ಮಾಡುವುದಾದರೆ ಮೊದಲ ಹಾರ ನಮ್ಮ ಭಾವನವರ ಕೊರಳಿಗೇ ಬೀಳಬೇಕು. ಯಾರಾದರೂ ಒಂದು ಮುದಿ ಕುರಿ ಎದ್ದು ಹಳೆಯದನ್ನು ನೆನಪಿಸಿದರೆ ಮಾತ್ರ ಅದೇ ಸಭೆ ಅವರನ್ನು ಹಳೇಬೀಡಿನವರೆಗೆ ಅಟ್ಟಿಸಿಕೊಂಡು ಹೋದೀತು!

ಹಳೆಯದು ಏನೆಂದರೆ, ಆ ಬೀಗರೂಟ. ಮದುಮಗ ನಾಚಿಕೊಂಡು ಎರಡು ತುತ್ತು ತಿಂದು ಏಳುವುದು ನಮ್ಮ ಕಡೆಯ ರೂಢಿ. ನಮ್ಮ ಭಾವ ಮೂರು ಪಂಕ್ತಿಗೂ ಎದ್ದೇಳಲಿಲ್ಲ. ಪಂಕ್ತಿ ಬದಲಾಗುತ್ತಿತ್ತು, ಎಲೆ ಬದಲಾಗುತ್ತಿತ್ತು, ಭಾವ ಅಲ್ಲೇ ಇದ್ದರು. ಬೇಲೂರಿನಿಂದ ಬಂದಿದ್ದ ಅಡುಗೆಯವರು ಸೌಟು ಹಿಡಿದುಕೊಂಡೇ ಹೊರಗೆ ಬಂದು ಈ ಮಹಾನುಭಾವ ಯಾರು ಎಂದು ನೋಡಿ ಹೋದರು. ಭಾವನ ಮನೆ ಹಳೇಬೀಡಿನ ಹತ್ತಿರದ ಹುಲಿಕೆರೆಯಲ್ಲಿ. ಮರದ ಮೇಲೆಯೇ ತೆಂಗಿನಕಾಯಿ ಕೊಂಡು, ಕೊಬ್ಬರಿ ಮಾಡಿ, ಅರಸೀಕೆರೆ ಮಂಡಿಗೆ ತಂದು ಹಾಕುವ ವ್ಯಾಪಾರ. ಮಂಡಿಗೆ ಬಂದ ದಿನವೆಲ್ಲ ನನ್ನ ಹೋಟೆಲಿನ ಮೂಲೆಯ ಮೇಜು ಅವರದೇ. ಮಜ್ಜೆ ತುಂಬಿದ ನಲ್ಲಿಮೂಳೆ ಕೈಗೆ ಸಿಕ್ಕಿದರೆ ಪಕ್ಕದಲ್ಲಿ ಸಿಡಿಲು ಬಡಿದರೂ ತಿರುಗಿ ನೋಡದ ಮನುಷ್ಯ.

ಇನ್ನು ಅಕ್ಕ? ಭಾವ ತಿಂದು ಹೆಸರು ಮಾಡಿದರು, ಅಕ್ಕ ಹೆಸರು ಮಾಡದೆ ತಿಂದಳು. ವ್ಯತ್ಯಾಸ ಅಷ್ಟೇ.

ಕೆಲವು ವರ್ಷಗಳ ಹಿಂದೆ ಅಕ್ಕನಿಗೆ ಎದೆ ಹಿಡಿದುಕೊಂಡಿತು. ಹಾಸನದಲ್ಲಿ ಡಾಕ್ಟರು ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಮನೆಗೆ ಕಳಿಸುವಾಗ ಭಾವನನ್ನು ಕೂರಿಸಿಕೊಂಡು, ಕುರಿ ಬಾಡು ಇನ್ನು ಮುಟ್ಟಲೇಬಾರದು, ಆದರೆ ಮೈಗೆ ಪ್ರೋಟೀನು ಬೇಕು, ಕಾಳು, ಬೇಳೆ, ಸೋಯಾ ಇಂಥದ್ದನ್ನು ಚೆನ್ನಾಗಿ ತಿನ್ನಲಿ, ಇನ್ನೊಂದು ಸಲ ಹೀಗಾದರೆ ತಾನು ಭರವಸೆ ಕೊಡುವುದಿಲ್ಲ ಎಂದು ಬಿಡಿಸಿ ಹೇಳಿದರು. ಕೋಳಿಯೋ ಮೀನೋ ಅಪರೂಪಕ್ಕೆ ಒಂದು ಚೂರು ಪರವಾಗಿಲ್ಲ ಎಂದೂ ಸೇರಿಸಿದರು. ಆದರೆ ಭಾವ ಅಕ್ಕನನ್ನು ಬಲ್ಲವರು. ಒಂದು ಚೂರು ಎನ್ನುವ ಅಳತೆ ಅವಳಿಗೆ ಹುಟ್ಟಿದಾಗಿನಿಂದ ಗೊತ್ತಿಲ್ಲ. ಆ ಮಾತನ್ನು ಅವರು ಹಾಸನದಲ್ಲೇ ಬಿಟ್ಟು ಬಂದರು.

ಮೊದಮೊದಲು ಅಕ್ಕ ಭಾವನಿಗೆ ಬಾಡು ಬೇಯಿಸಿಕೊಟ್ಟು ತಾನು ಮೊಸರನ್ನ ತಿನ್ನುತ್ತಿದ್ದಳು. ಎಂಥ ತ್ಯಾಗ ಎಂದು ನಾವೆಲ್ಲ ಕೊಂಡಾಡಿದೆವು. ಆದರೆ ಪ್ರತಿ ಸಲ ರಕ್ತಪರೀಕ್ಷೆ ಮಾಡಿಸಿದಾಗಲೂ ಡಾಕ್ಟರ ಹುಬ್ಬು ಮೇಲೇರುತ್ತಿತ್ತು. ಮೊಸರಿನಲ್ಲಿ ಇಷ್ಟೊಂದು ಕೊಬ್ಬಿರುತ್ತದೆಯೇ? ಭಾವನಿಗೆ ಅನುಮಾನ ಬಂದು, ಒಂದು ಭಾನುವಾರ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತು ನೋಡಿದರು.

ಅಕ್ಕ ಉಪ್ಪು ನೋಡುತ್ತಿದ್ದಳು. ಅಡುಗೆ ಮಾಡಿದವರು ಉಪ್ಪು ನೋಡಬಾರದೇ? ನೋಡಬೇಕು. ಸಾರಿನ ಉಪ್ಪು ನೋಡಿದಳು. ತುಂಡಿನ ಒಳಗೆ ಉಪ್ಪು ಇಳಿದಿದೆಯೇ ಎಂದು ಒಂದು ತುಂಡು ನೋಡಿದಳು. ಮೇಲಿನ ತುಂಡಿಗೆ ಇಳಿದದ್ದು ತಳದ ತುಂಡಿಗೂ ಇಳಿದಿರಬೇಕಲ್ಲ, ಅದನ್ನೂ ನೋಡಿದಳು. ಈಲಿ, ಅದೇ ಲಿವರು, ಉಪ್ಪು ಹಿಡಿಯುವ ರೀತಿಯೇ ಬೇರೆ. ಅದನ್ನು ಎರಡು ಸಲ ನೋಡಿದಳು!

ಭಾವ ಬೈಯಲಿಲ್ಲ. ಒಳಗೆ ಹೋಗಿ ಪಾತ್ರೆಯನ್ನು ಹಾಗೆಯೇ ಎತ್ತಿಕೊಂಡು ಪಕ್ಕದ ಮನೆಗೆ ಕೊಟ್ಟು ಬಂದರು. ಅವತ್ತಿನಿಂದ ಆ ಮನೆಯಲ್ಲಿ ಬಾಡು ಬೆಂದಿಲ್ಲ. ಭಾವನೂ ಬಿಟ್ಟರು. ನೀವ್ಯಾಕೆ ಬಿಡಬೇಕು, ನನ್ನ ಹೋಟೆಲಿಗೆ ಬಂದು ತಿಂದು ಹೋಗಿ ಎಂದು ನಾನು ಕರೆದೆ.

"ನಿನ್ನ ಹೋಟ್ಲಲ್ಲಿ ತಿಂದು ಹೋಗಿ ಅವಳ ಮುಂದೆ ನಿಂತ್ಕಂಡ್ರೆ ವಾಸನೆ ಬರಲ್ವೇನ್ಲಾ?" ಎಂದರು. "ನಿಮ್ಮಕ್ಕನ ಮೂಗು ನಿಂಗೆ ಗೊತ್ತಿಲ್ಲ."

ಇಲ್ಲಿಗೆ ಸಮಸ್ಯೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಬಾಡು ನಿಂತದ್ದೇ ಅಕ್ಕ ಊಟವನ್ನೇ ಬಿಟ್ಟಂತೆ ಆದಳು. ತಟ್ಟೆಯಲ್ಲಿ ಕಾಳು ಬಿದ್ದರೆ ಬೆರಳಿನಲ್ಲಿ ಅತ್ತಿತ್ತ ತಳ್ಳುವಳು, ಮಜ್ಜಿಗೆ ಕುಡಿದು ಏಳುವಳು. ಮುಂಗೈಯಲ್ಲಿದ್ದ ಬಳೆ ಮೊಣಕೈಗೆ ಜಾರತೊಡಗಿತು. ಬಾಡು ಬಿಡಿ ಎಂದೆನೇ ಹೊರತು ಊಟ ಬಿಡಿ ಎಂದೆನೇ ಎಂದು ಡಾಕ್ಟರು ಈಗ ತಿರುಗಿಸಿ ಗದರಿದರು. ಅವಳಿಗೆ ಬಾಡು ಕೊಟ್ಟರೂ ಕಷ್ಟ, ಕೊಡದಿದ್ದರೂ ಕಷ್ಟ. ಆಗ ಭಾವ, ಅಲ್ಲಿಯವರೆಗೆ ನೀರು ಕಾಯಿಸಲೂ ಒಲೆ ಹಚ್ಚದಿದ್ದವರು, ಸೊಂಟಕ್ಕೆ ಟವೆಲ್ ಬಿಗಿದು ಅಡುಗೆಮನೆಗೆ ಇಳಿದರು. ಬಾಡಿನ ರುಚಿ ಬಾಡಿಲ್ಲದೆ ತೆಗೆಯುತ್ತೇನೆ, ಅವಳು ಎಲೆ ತುಂಬ ತಿನ್ನಬೇಕು ಎನ್ನುವುದೇ ಅವರ ಹಟ.

ಮೊದಲ ಪ್ರಯೋಗಕ್ಕೆ ನನ್ನನ್ನೂ ನನ್ನ ಹೆಂಡತಿಯನ್ನೂ ಊಟಕ್ಕೆ ಕರೆದರು. ಸೋಯಾ ಉಂಡೆಯ ಸಾರು. ಒಟ್ಟು ನಾಲ್ಕು ಜನ. ಬಾಡಾದರೆ ನಾಲ್ಕು ಜನಕ್ಕೆ ಒಂದೂವರೆ ಕೆಜಿ ಬೇಕು. ಬೆಂದ ಮೇಲೆ ಕುಗ್ಗುತ್ತದೆಯಲ್ಲ, ಧಾರಾಳವಾಗಿರಲಿ ಎಂದು ಭಾವ ಎರಡು ಕೆಜಿ ಒಣ ಸೋಯಾ ತಂದಿದ್ದರು. ಸೋಯಾ ನೆನೆಸಿದ್ದೀರಾ ನೀವು? ಅದು ಕುಗ್ಗುವ ಪದಾರ್ಥವಲ್ಲ! ಪಾತ್ರೆ ತುಂಬಿತು, ದೊಡ್ಡ ದಬರಿಗೆ ಸುರಿದರು. ದಬರಿ ತುಂಬಿತು, ಬಕೆಟ್ಟಿಗೆ ತೋಡಿದರು. ನಾವು ಹೋಗುವ ಹೊತ್ತಿಗೆ ಭಾವ ನೀರೊಲೆಯ ಹಂಡೆಯ ಪಕ್ಕ ನಿಂತು ಅದನ್ನೂ ಖಾಲಿ ಮಾಡಲೇ ಎಂದು ಯೋಚಿಸುತ್ತಿದ್ದರು. ಕೊನೆಗೆ ಬೀದಿಯವರನ್ನೆಲ್ಲ ಕರೆದು ಊಟ ಹಾಕಿದೆವು. ಊರಿನ ಹಳೆಯ ಕಲ್ಯಾಣಿ ನೋಡಲು ಬಂದಿದ್ದ ಪ್ರವಾಸಿಗಳಿಗೂ ಎಲೆ ಹಾಕಿದೆವು. ಮದುವೆ ಯಾರದು ಎಂದು ಒಬ್ಬರು ನನ್ನ ಕಿವಿಯಲ್ಲಿ ಕೇಳಿದರು, ಮುಯ್ಯಿ ಕೊಡಲು ಜೇಬಿಗೆ ಕೈ ಹಾಕಿಕೊಂಡು.

ಅಷ್ಟು ಜನ ತಿಂದರು. ಅಕ್ಕ ಮಾತ್ರ ಒಂದು ಉಂಡೆ ಬಾಯಿಗೆ ಹಾಕಿ, ನಿಧಾನವಾಗಿ ಅಗಿದು, "ಉಪ್ಪು ಸರಿಯಾಗೈತೆ" ಎಂದು ಎದ್ದು ಹೋದಳು.

ಬೇರೆ ಯಾರಾದರೂ ಆಗಿದ್ದರೆ ಟವೆಲ್ ಬಿಚ್ಚಿ ಎಸೆಯುತ್ತಿದ್ದರು. ಭಾವ ನನ್ನ ಹೋಟೆಲಿಗೆ ಬಂದರು. ನಮ್ಮ ಕಡೆ ಸೋಮವಾರ ಎಷ್ಟೋ ಜನ ಬಾಡು ಮುಟ್ಟುವುದಿಲ್ಲ, ಶಿವನ ವಾರ. ಅವತ್ತು ನನ್ನ ಹೋಟೆಲಿಗೆ ಬೀಗ. ಆ ಸೋಮವಾರಗಳನ್ನು ತನಗೆ ಬಿಟ್ಟುಕೊಡಬೇಕು, ಊರವರ ನಾಲಿಗೆಯ ಮೇಲೆ ಪರೀಕ್ಷೆ ಮಾಡಿ ಕೈ ಪಳಗಿಸಿಕೊಂಡು ಆಮೇಲೆ ಅಕ್ಕನಿಗೆ ಬಡಿಸುತ್ತೇನೆ ಎಂದರು. ನಾನು ಒಪ್ಪಲಿಲ್ಲ. ಬಾಡಿಗೆ ಹೆಸರಾದ ಹೋಟೆಲಿನಲ್ಲಿ ಕಾಳು ಬೇಯಿಸಿದರೆ ಮರ್ಯಾದೆ ಉಳಿಯುತ್ತದೆಯೇ?

ಭಾವ ನನ್ನ ಹೆಗಲ ಮೇಲೆ ಕೈ ಹಾಕಿದರು. "ಏನ್ಲಾ ಬಾಮೈದ, ಬಾಡಲ್ಲಿ ಏನೈತೆ ಅಂದ್ಕಂಡಿದ್ದೀಯ? ರುಚಿಯೆಲ್ಲ ಇರೋದು ನಿನ್ನ ಮಸಾಲೇಲಿ. ಕುರಿ ಸುಮ್ನೆ ಹೆಸರು ತಗಳ್ತಾ ಐತೆ."

ಇಂಥ ಸತ್ಯವನ್ನು ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ಹೋಟೆಲಿನ ಬೀಗದ ಕೈ ಕೊಟ್ಟುಬಿಟ್ಟೆ.

ಸೋಮವಾರಗಳು ಶುರುವಾದವು. ಭಾವ ಎಳೆಯ ಹಲಸಿನಕಾಯಿ ಹುರಿದರು, ಹಿತಕಿದ ಅವರೆಬೇಳೆಗೆ ಚಕ್ಕೆ–ಲವಂಗ ಅರೆದು ಹಾಕಿದರು, ಸೋಯಾ ಪುಡಿ ಮಾಡಿ ಕೈಮಾ ಉಂಡೆ ಕಟ್ಟಿದರು. ಮೊದಮೊದಲು ಉಂಡೆ ಸಾರಿಗೆ ಬಿದ್ದ ಕೂಡಲೇ ಬಿಚ್ಚಿಕೊಂಡು ಗಂಜಿಯಾಗುತ್ತಿತ್ತು. ಹುರಿಗಡಲೆ ಹಿಟ್ಟು ಸೇರಿಸಿ ಎಂದು ನಾನೇ ಹೇಳಿಕೊಟ್ಟೆ. ಮಾಲೇಕಲ್ಲು ಬೆಟ್ಟ ಹತ್ತಿ ದೇವರ ದರ್ಶನ ಮಾಡಿ ಇಳಿದವರು ಅಲ್ಲಿಯವರೆಗೆ ನನ್ನ ಹೋಟೆಲಿನ ಮುಂದೆ ಮೂಗು ಮುಚ್ಚಿಕೊಂಡು ಹೋಗುತ್ತಿದ್ದರು. ಈಗ ಸೋಮವಾರ ಒಳಗೇ ಬಂದು ಕೂತರು. ನನ್ನ ಹಳೆಯ ಗಿರಾಕಿಗಳೂ ಬಂದರು. ಅವರದು ಒಂದೇ ಕೊರಗು: ಎಲ್ಲ ಸರಿ, ಮೂಳೆ ಇಲ್ಲ. ಮೂಳೆ ಚೀಪದೆ ಎದ್ದರೆ ಊಟ ಮುಗಿದಂತೆಯೇ ಅನ್ನಿಸುವುದಿಲ್ಲ.

ಮುಂದಿನ ಸೋಮವಾರ ಭಾವ ಸಾರಿಗೆ ನುಗ್ಗೆಕಾಯಿ ಹಾಕಿದರು, ಒಂದೊಂದೂ ಬೆರಳುದ್ದ. ಬೇಲೂರಿಗೆ ಪ್ರವಾಸಿಗಳನ್ನು ಕರೆದುಕೊಂಡು ಹೋಗುತ್ತಿದ್ದ ಒಬ್ಬ ಡ್ರೈವರು ಫೋನಿನಲ್ಲಿ ಮಾತಾಡುತ್ತ ಕಣ್ಣು ಮುಚ್ಚಿಕೊಂಡು ಉಣ್ಣುತ್ತಿದ್ದ. ಒಂದು ನುಗ್ಗೆಕಾಯಿ ಎತ್ತಿದ, ಚೀಪಿದ, ಮತ್ತೆ ಅದರ ತುದಿಯನ್ನು ತಟ್ಟೆಗೆ ಟಕಟಕ ಬಡಿಯತೊಡಗಿದ. ಮಜ್ಜೆ ಉದುರಿಸುವುದಕ್ಕೆ! ಭಾವ ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ನೋಡಿ, ಹಣೆಗೆ ಎರಡೂ ಕೈ ಮುಗಿದರು.

ಭಾವ ಊರನ್ನೇ ಗೆದ್ದರು. ಆದರೆ ಅಕ್ಕ? ಕ್ಯಾರಿಯರಿನಲ್ಲಿ ತುಂಬಿಸಿಕೊಂಡು ಹೋದದ್ದನ್ನು ಅವಳು ರುಚಿ ನೋಡುವಳು, ಚೆನ್ನಾಗಿದೆ ಎನ್ನುವಳು, ಮುಚ್ಚಿಡುವಳು. ರುಚಿ ಕಮ್ಮಿಯಾಯಿತೇ ಎಂದು ನಾನೊಮ್ಮೆ ಕೇಳಿದೆ. ರುಚಿಯ ಮಾತಲ್ಲ, ಇದೆಲ್ಲ ರೋಗಿಗೆ ಮಾಡಿದ್ದು ಅನ್ನಿಸಿ ಗಂಟಲಲ್ಲಿ ಇಳಿಯುವುದಿಲ್ಲ ಎಂದಳು. ಆಮೇಲೆ ಹೇಳಿದ ಮಾತು ಕೇಳಿ ನನಗೆ ದಿಗಿಲಾಯಿತು. ಪಿತೃಪಕ್ಷ ಬರುತ್ತಿದೆ, ಮಾವನವರ ಎಡೆಗೆ ಬಾಡು ಬೇಯಿಸಲೇಬೇಕು, ಎಡೆಯ ಪ್ರಸಾದವನ್ನು ಬೇಡ ಎನ್ನಲು ಯಾವ ಡಾಕ್ಟರಿಗೂ ಹಕ್ಕಿಲ್ಲ, ಅವತ್ತು ಹೊಟ್ಟೆ ತುಂಬ ತಿನ್ನುತ್ತೇನೆ, ಆಮೇಲೆ ಆದದ್ದಾಗಲಿ ಎಂದಳು.

ಪಿತೃಪಕ್ಷದಲ್ಲಿ ತೀರಿಕೊಂಡ ಹಿರಿಯರಿಗೆ ಅವರು ಬದುಕಿದ್ದಾಗ ಇಷ್ಟಪಟ್ಟದ್ದನ್ನೇ ಎಲೆಯಲ್ಲಿ ಬಡಿಸಿ, ಪೂಜೆ ಮಾಡಿ, ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಕಾಯುವುದು ನಮ್ಮ ಪದ್ಧತಿ. ಅವರು ಬಂದು ಉಂಡು ಹೋದ ಮೇಲೆ ಅದು ಮನೆಯವರಿಗೆ ಪ್ರಸಾದ. ಭಾವನ ತಂದೆಗೆ ಇಷ್ಟವಾದದ್ದು ಏನು ಎಂದು ಕೇಳಬೇಕೆ? ಮಗ ಯಾರಂತೆ ಹುಟ್ಟಿದ್ದು!

ಹಬ್ಬದ ದಿನ ಸಂಜೆ ನಾನು ಹುಲಿಕೆರೆಗೆ ಹೋದಾಗ ಮನೆಯ ತುಂಬ ನನ್ನ ಮಸಾಲೆಯ ಘಮ. ಬಸ್ತಿಹಳ್ಳಿಯಿಂದ ಭಾವನ ಸೋದರತ್ತೆ ಬಂದಿದ್ದರು. ಬಾಯಲ್ಲಿ ಹಲ್ಲು ಉಳಿದಿರದಿದ್ದರೂ ಎಡೆಯ ವಿಷಯದಲ್ಲಿ ರಾಜಿ ಮಾಡಿಕೊಳ್ಳುವ ಹೆಂಗಸಲ್ಲ. ಎಲೆಯ ಮುಂದೆ ಕೂತು, ಒಂದು ತುಂಡನ್ನು ಬೆರಳಲ್ಲಿ ಹಿಸುಕಿ ನೋಡಿದರು.

"ಏನ್ಲಾ ಇದು, ನಮ್ಮಣ್ಣನ ಎಡೆಗೆ ದನದ ಹಿಂಡಿ ಇಟ್ಟಿದ್ದೀಯ?"

"ಹಿಂಡಿ ಅಲ್ಲ ಅತ್ತೆ, ಪ್ರೋಟೀನು."

"ಬದುಕಿದ್ದಾಗ ಒಂದಿನ ಪ್ರೋಟೀನು ತಿಂದೋನಲ್ಲ ನಮ್ಮಣ್ಣ. ಸತ್ತ ಮೇಲೆ ತಿಂತಾನಾ? ಎತ್ತು ಇದನ್ನ."

ಭಾವ ಎತ್ತಲಿಲ್ಲ. ಅಕ್ಕ ಕಂಬಕ್ಕೆ ಒರಗಿ ನಿಂತಿದ್ದಳು, ಮುಖ ಬಿಗಿದುಕೊಂಡು. ಇಡೀ ವರ್ಷ ಕಾದದ್ದು ಕೈತಪ್ಪಿ ಹೋದ ಮುಖ. ಭಾವ ಕರ್ಪೂರ ಹಚ್ಚಿದರು. ತಂದೆಯ ಫೋಟೋದ ಮುಂದೆ ಮಂಡಿಯೂರಿ ಕೂತು, ಪಕ್ಕದ ಮನೆಯವರ ಹತ್ತಿರ ಮಾತಾಡುವ ಹಾಗೆ ಮಾತಾಡಿದರು.

"ಅಪ್ಪಾ, ತಪ್ಪು ತಿಳ್ಕಬೇಡ. ನೀನಂತೂ ಹೋಗಾಯ್ತು. ಬಾಡು ಇಲ್ಲದಿದ್ರೆ ನಿಂಗಿನ್ನೇನೂ ಆಗಲ್ಲ."

ನನಗೆ ನಗು ಬಂತು. ಅತ್ತೆಯ ತುಟಿಯೂ ಅಲುಗಿತು.

"ಇವಳು ಇನ್ನೂ ಇಲ್ಲೇ ಅವಳೆ," ಎಂದರು ಭಾವ. "ಬಾಡು ಇಟ್ರೆ ಇವಳು ತಿಂತಾಳೆ. ಬರೋ ವರ್ಷ ನಿನ್ನ ಪಕ್ಕ ಇವಳಿಗೂ ಒಂದು ಎಲೆ ಹಾಕೋ ಹಂಗಾದ್ರೆ, ನಾನು ಬಡಿಸಲ್ಲಪ್ಪ. ನನ್ನ ಕೈಲಾಗಲ್ಲ."

ಕರ್ಪೂರ ಉರಿದು ಮುಗಿಯಿತು. ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಜಗಲಿಯಲ್ಲಿ ಕೂತೆವು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಭಾವ ಅವಳ ಕಡೆ ನೋಡಲೇ ಇಲ್ಲ. ಎದುರಿನ ತೆಂಗಿನ ಮರದಲ್ಲಿ ಎಷ್ಟು ಕಾಯಿ ಇಳಿಯುತ್ತದೆ ಎಂದು ನನ್ನ ಹತ್ತಿರ ಏನೇನೋ ಹೇಳುತ್ತಿದ್ದರು.

ಬಾಗಿಲು ತೆಗೆದಾಗ ಮೊದಲು ಒಳಗೆ ಹೋದವರು ಅತ್ತೆ. ಎಡೆಯ ಮುಂದೆ ಬಗ್ಗಿ, ಅಣ್ಣನ ಫೋಟೋವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎಲೆಯಿಂದ ಒಂದು ಹಿಡಿ ಎತ್ತಿಕೊಂಡು ಬಂದು, ಅಕ್ಕನನ್ನು ಕೈಹಿಡಿದು ಕೂರಿಸಿ, ಅವಳ ಎಲೆಗೆ ಹಾಕಿದರು.

"ತಿನ್ನವ್ವ. ನಮ್ಮಣ್ಣ ಒಪ್ಕಂಡವ್ನೆ."

ಅಕ್ಕ ತಿಂದಳು. ಎಲೆಯ ಮೇಲಿದ್ದದ್ದನ್ನೆಲ್ಲ ತಿಂದಳು. ತಲೆ ಎತ್ತದೆ, ಕಣ್ಣಿಂದ ಇಳಿಯುತ್ತಿದ್ದದ್ದನ್ನು ಒರೆಸಿಕೊಳ್ಳದೆ ಖಾಲಿ ಎಲೆಯನ್ನು ಭಾವನ ಕಡೆ ಸರಿಸಿದಳು. ಭಾವ ಅವಸರ ಅವಸರವಾಗಿ ಬಡಿಸಲು ಹೋಗಿ ಅರ್ಧ ಸಾರು ಎಲೆಯಿಂದ ಆಚೆ ಹೋಯಿತು.

ಅದಾಗಿ ಎರಡು ಪಿತೃಪಕ್ಷ ಕಳೆದಿವೆ. ಈಗ ನನಗಿರುವುದು ಒಂದು ಹೋಟೆಲು, ಎಂಟು ಮೇಜು, ಎರಡು ಒಲೆ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಒಬ್ಬರು ಭಾವ, ಎಲೆ ತುಂಬ ತಿನ್ನುವ ಒಬ್ಬಳು ಅಕ್ಕ.