ಮೇಲಿನ ಮಹಡಿಯ ನೋಟೀಸು

ಬೇರೆಯವರ ಏಳಿಗೆ ಕಂಡರೆ ನನಗೆ ತುಂಬ ಸಂತೋಷವಾಗುತ್ತದೆ ಎಂದು ಎಷ್ಟೋ ಸನ್ಮಾನ ಸಭೆಗಳಲ್ಲಿ ಹೇಳಿದ್ದೇನೆ. ಅಲ್ಲಿ ಯಾರೂ ಪ್ರಮಾಣ ಮಾಡಿಸಿ ಕೇಳುವುದಿಲ್ಲವಾದ್ದರಿಂದ ಅದು ಸುಳ್ಳು ಸಾಕ್ಷಿಯಾಗುವುದಿಲ್ಲ. ನಿಜ ಹೇಳಬೇಕೆಂದರೆ ನಾನು ಹುಟ್ಟಾ ಹೊಟ್ಟೆಕಿಚ್ಚಿನವನು. ಸಹಪಾಠಿ ಕಾರು ಕೊಂಡರೆ ನನಗೆ ಎದೆಯುರಿ. ನೆರೆಮನೆಯ ತೆಂಗಿನಮರ ಒಂದು ಗೊನೆ ಹೆಚ್ಚು ಬಿಟ್ಟರೆ ಅಜೀರ್ಣ. ಆದರೂ ಅವೆಲ್ಲ ಮನುಷ್ಯರ ಮೇಲಿನ, ಹೆಚ್ಚೆಂದರೆ ಮರದ ಮೇಲಿನ ಮತ್ಸರ. ಮೈಕೈ ಇಲ್ಲದ ಯಂತ್ರವೊಂದರ ಮೇಲೆ ಹೊಟ್ಟೆ ಉರಿದುಕೊಳ್ಳುವ ಕಾಲ ಬಂದೀತೆಂದು ನಾನು ಎಣಿಸಿರಲಿಲ್ಲ.

ನಾನು ಕುಂದಾಪುರದಲ್ಲಿ ವಕೀಲ. ವಾದದಲ್ಲಿ ಸಾಧಾರಣ. ನ್ಯಾಯಾಧೀಶರ ಎದುರು ಆಡಬೇಕಾದ ಒಳ್ಳೊಳ್ಳೆಯ ಮಾತುಗಳೆಲ್ಲ ನನಗೆ ಮನೆಗೆ ಹೋಗುವ ದಾರಿಯಲ್ಲಿ ಹೊಳೆಯುತ್ತವೆ. ಆದರೆ ನೋಟೀಸು ಬರೆಯುವುದರಲ್ಲಿ ಮಾತ್ರ ಶಿರೂರಿನಿಂದ ಬಾರ್ಕೂರಿನವರೆಗೆ ನನಗೊಂದು ಹೆಸರಿತ್ತು. ದಾಯಾದಿಗಳನ್ನು ಬೈಯಲು ಬಾಯಿ ಸಾಲದವರು ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಕೇಸು ಗೆಲ್ಲುವುದು ಬಿಡುವುದು ದೇವರ ಚಿತ್ತ. ನೋಟೀಸು ತಲುಪಿದ ದಿನ ಎದುರಿನವರ ಮನೆಯಲ್ಲಿ ಊಟ ಸೇರಬಾರದು, ಅಷ್ಟೇ ಅವರ ಬೇಡಿಕೆ. ‘ಕಪೋಲಕಲ್ಪಿತ’, ‘ದುರುದ್ದೇಶಪೂರಿತ’ ಎಂದೆಲ್ಲ ಯಾವ ವಕೀಲನೂ ಬರೆದಾನು. ‘ನಿಮ್ಮ ಕಕ್ಷಿದಾರರ ಜ್ಞಾಪಕಶಕ್ತಿ ಅವರ ಲಾಭದ ಗಡಿಕಲ್ಲಿನ ಹತ್ತಿರ ಬಂದು ನಿಲ್ಲುತ್ತದೆ’ ಎಂದು ಬರೆಯುವವನು ನಾನೊಬ್ಬನೇ. ನನ್ನ ನೋಟೀಸಿನ ಪ್ರತಿಗೆ ಲ್ಯಾಮಿನೇಶನ್ ಮಾಡಿಸಿ ಇಟ್ಟುಕೊಂಡ ಪುಣ್ಯಾತ್ಮರೊಬ್ಬರು ಬೈಂದೂರಿನಲ್ಲಿದ್ದಾರೆ.

ಈ ಹೆಸರಿಗೆ ಗೆದ್ದಲು ಹಿಡಿದದ್ದು ಮೇಲಿನ ಮಹಡಿಯಿಂದ. ನನ್ನ ಹತ್ತಿರವೇ ಕೆಲಸ ಕಲಿತ ಜಯಂತಿ, ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ಸ್ವಂತ ಆಫೀಸು ತೆರೆದಳು. ನನ್ನದು ಮೊದಲನೇ ಮಹಡಿ. ನನ್ನ ಬಾಗಿಲು ದಾಟಿಯೇ ಮೇಲೆ ಹೋಗಬೇಕು. ಮೆಟ್ಟಿಲ ಮೇಲಿನ ಹೆಜ್ಜೆ ಸದ್ದು ಬಾಗಿಲ ಹತ್ತಿರ ನಿಧಾನವಾದರೆ ನಾನು ತಕ್ಷಣ ಒಂದು ಕಡತ ಬಿಡಿಸಿ ಹುಬ್ಬು ಗಂಟಿಕ್ಕುತ್ತೇನೆ. ತಲೆಯೊಂದು ಒಳಗೆ ಇಣುಕಿ, “ಹ್ವಾಯ್, ಮೇಲಿನ ಅಮ್ಮ ಬಂದ್ರಾ?” ಎಂದು ಕೇಳುತ್ತದೆ. ನಾನು ‘ಬಂದಿದ್ದಾರೆ’ ಎನ್ನಬೇಕು, ನಗುತ್ತ.

ಅವಳ ಗುಟ್ಟು ಎಲ್ಲರಿಗೂ ಗೊತ್ತಿದ್ದದ್ದೇ. ಕಂಪ್ಯೂಟರಿನಲ್ಲಿ ಎಐ ಇಟ್ಟುಕೊಂಡಿದ್ದಾಳೆ. ಹಳೆಯ ಕ್ರಯಪತ್ರ, ಪಾಲುಪಟ್ಟಿಗಳ ಕಟ್ಟನ್ನು ಅದಕ್ಕೆ ಓದಿಸಿದರೆ, ಯಾರು ಯಾರಿಗೆ ಯಾವಾಗ ಏನು ಕೊಟ್ಟರೆಂದು ಅವಳು ಚಾ ಕುಡಿದು ಮುಗಿಸುವಷ್ಟರಲ್ಲಿ ಸಾಲಾಗಿ ಬರೆದಿಡುತ್ತದಂತೆ. ಕನ್ನಡದ ಸಾಕ್ಷಿ ಹೇಳಿಕೆಯನ್ನು ಹೈಕೋರ್ಟಿಗೆಂದು ಇಂಗ್ಲಿಷಿಗೆ ತಿರುಗಿಸುತ್ತದಂತೆ. ನಾನು ಹಿತೈಷಿಯ ಮುಖ ಮಾಡಿಕೊಂಡು, “ಅದು ಹೇಳುವ ತೀರ್ಪುಗಳನ್ನು ನಂಬಿ ಕೆಡಬೇಡ ಮಾರಾಯ್ತಿ, ಇಲ್ಲದ್ದನ್ನೂ ಇದೆ ಎನ್ನುತ್ತದೆ” ಎಂದೆ. “ಹೌದ್ ಸರ್, ಒಂದೊಂದನ್ನೂ ನಾನೇ ಪುಸ್ತಕ ತೆಗ್ದ್ ಕಾಂತೆ. ನೀವೇ ಅಲ್ದಾ ಹಾಂಗ್ ಕಲ್ಸದ್ದ್?” ಎಂದಳು. ಒಂದು ಸಲವಾದರೂ ಎಡವಲಿ ಎಂದು ಕಾದು ಕುಳಿತವನಿಗೆ ಈ ಗುರುಭಕ್ತಿ ಗಾಯಕ್ಕೆ ಉಪ್ಪು ಸವರಿದಂತಾಯಿತು.

ಹೀಗೆ ಒಬ್ಬೊಬ್ಬರೇ ಮೇಲಕ್ಕೆ ಹತ್ತಿ, ನನಗೆ ಉಳಿದ ದೊಡ್ಡ ಕಕ್ಷಿದಾರರೆಂದರೆ ಕೊಕ್ಕರ್ಣೆಯ ಶೆಟ್ರು. ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರು. ಅವರ ನಿಷ್ಠೆಯನ್ನು ನಾನು ಊರೆಲ್ಲ ಹೊಗಳುತ್ತಿದ್ದೆ. ಅವರಿಗೆ ಮೊಣಕಾಲು ನೋವು, ಎರಡನೇ ಮಹಡಿ ಹತ್ತಲಾಗುವುದಿಲ್ಲ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ಅವರ ಭಾವ, ಇಬ್ಬರ ಮನೆಗೂ ಹೋಗುವ ದಾರಿಯಲ್ಲಿ ಬಿದಿರಿನ ಗಳು ಸರಿಸಿ ದಾಟುವ ಹಳೆಯ ದಣಪೆ ಕಿತ್ತು ಕಬ್ಬಿಣದ ಗೇಟು ಹಾಕಿ ಬೀಗ ಜಡಿದಿದ್ದರು. “ನೋಟೀಸ್ ಓದ್ರೆ ಭಾವಂಗೆ ಬೆವರ್ ಬರ್ಕ್ ಕಾಣಿ” ಎಂದು ಹೇಳಿ ಶೆಟ್ರು ಹೋದರು.

ಆಗಲೇ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಅವಳಿಗೆ ಒಲಿದದ್ದು ನನಗೇಕೆ ಒಲಿಯಬಾರದು? ಬಾಗಿಲು ಹಾಕಿಕೊಂಡು, ಕಳ್ಳ ಬೆಕ್ಕಿನ ಹಾಗೆ, ನನ್ನ ಕಂಪ್ಯೂಟರಿನಲ್ಲೂ ಎಐ ತೆರೆದು ಅದಕ್ಕೆ ಗೇಟಿನ ಕಥೆ ಹೇಳಿದೆ. ಕಣ್ಣು ಮಿಟುಕಿಸುವುದರೊಳಗೆ ನೋಟೀಸು ಸಿದ್ಧ. ಕಾನೂನೆಲ್ಲ ಸರಿಯಾಗಿತ್ತು, ಆದರೆ ‘ಉಭಯ ಕುಟುಂಬಗಳ ಸೌಹಾರ್ದವನ್ನು ಗಮನದಲ್ಲಿಟ್ಟು ದಯವಿಟ್ಟು’ ಎಂದು ಶುರುವಾಗಿ, ಮಕ್ಕಳಿಗೆ ಆಶೀರ್ವಾದ ಎಂಬುದೊಂದನ್ನು ಬಿಟ್ಟು ಎಲ್ಲ ಮರ್ಯಾದೆಯೂ ಅದರಲ್ಲಿತ್ತು. ತಿದ್ದಬೇಕಿತ್ತು. ಆದರೆ ಅಷ್ಟು ಬೇಗ ಕೆಲಸ ಮುಗಿದ ಖುಷಿಯಲ್ಲಿ ಸಹಿ ಹಾಕಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳುಹಿಸಿಬಿಟ್ಟೆ.

ಉತ್ತರ ಬಂತು. ಕೆಳಗೆ ಜಯಂತಿಯ ಸಹಿ. ಭಾವ ಅವಳನ್ನೇ ಹಿಡಿದಿದ್ದರು. ಶೆಟ್ರು ಎದುರು ಕುಳಿತು, “ಎಂತ ಬರ್ದಿರ್ ಓದಿ ಕಾಂಬ” ಎಂದರು. ಓದುತ್ತ ಹೋದ ಹಾಗೆ ನನ್ನ ಸ್ವರ ಏರಿತು. ಅದೇ ಗತ್ತು, ಅದೇ ಕೊಂಕು, ಥೇಟ್ ನಾನು. ನಡುವೆ ಒಂದು ವಾಕ್ಯ: ‘ನಿಮ್ಮ ಕಕ್ಷಿದಾರರಿಗೆ ಬೀಗ ಕಂಡಿತೇ ಹೊರತು ಪಕ್ಕದ ಮೊಳೆಯಲ್ಲೇ ನೇತಾಡುವ ಕೀಲಿಕೈ ಕಾಣಲಿಲ್ಲ, ಕಾಣುವ ಮನಸ್ಸಿಲ್ಲದವರಿಗೆ ಕನ್ನಡಕ ಕೊಡಿಸುವ ಹೊಣೆ ನನ್ನ ಕಕ್ಷಿದಾರರದ್ದಲ್ಲ.’ ಆ ಕನ್ನಡಕ ನನ್ನ ಎದೆಗೆ ಚುಚ್ಚಿತು. ಇಷ್ಟು ವರ್ಷ ಬೈದು ಬೈದು ಕೈ ಪಳಗಿದ ನನಗೆ ಅದೇಕೆ ಹೊಳೆಯಲಿಲ್ಲ?

ಶೆಟ್ರ ಮುಖ ಮೊದಲು ಅರಳಿತು, ಆಮೇಲೆ ಬಿಗಿಯಿತು. “ಇದ್ ನಿಮ್ಮ ಕೈಯೇ. ನಂಗ್ ಗೊತ್ತಾತಿಲ್ಯಾ? ಇಲ್ಲಿ ಕೂಕಂಡ್ ಭಾವಂಗೂ ನೀವೇ ಬರ್ದ್ ಕೊಟ್ರ್ಯಾ?”

ವಕೀಲನಿಗೆ ಇದಕ್ಕಿಂತ ದೊಡ್ಡ ಅಪವಾದ ಇಲ್ಲ. ನಾನು ಮೆಟ್ಟಿಲ ಬುಡದಲ್ಲಿ ನಿಂತು ಜಯಂತಿಯನ್ನು ಕೂಗಿದೆ. ಅವಳು ಇಳಿದು ಬಂದು, “ಸರ್ ಬರದ್ದಲ್ಲ ಶೆಟ್ರೆ. ಕೆಳಗಿನ ವಕೀಲ್ರ್ ಬರ್ದ್ ಹಾಂಗೇ ಇರ್ಕ್ ಅಂದೇಳಿ ನಿಮ್ಮ ಭಾವ ಹಟ ಮಾಡ್ರ್. ಸರ್ ನಂಗ್ ಕಲೂಕೆ ಕೊಟ್ಟ ಹಳೇ ನೋಟೀಸ್ ಇದ್ದಿತ್. ಹೆಸ್ರ್, ಊರ್ ಎಲ್ಲ ಅಳ್ಸಿ, ಅದನ್ನೇ ಮಾದರಿ ಅಂದೇಳಿ ಎಐಗೆ ಕೊಟ್ಟೆ” ಎಂದಳು.

“ಆ ಕನ್ನಡಕದ ವಾಕ್ಯ?” ಎಂದೆ.

“ಅದ್ ಅದೇ ಬರದ್ದ್ ಸರ್” ಎಂದು ಹೇಳಿ ಅವಳು ಮೇಲೆ ಹೋದಳು.

ಅವಳು ಬರೆದಿದ್ದರೆ ಶಿಷ್ಯೆ ಎಂದು ಹೇಗಾದರೂ ನುಂಗಿಕೊಳ್ಳುತ್ತಿದ್ದೆ. ನನ್ನದೇ ಬೈಗುಳ ತಿಂದು ಬೆಳೆದ ಯಂತ್ರ ನನಗಿಂತ ಚೆನ್ನಾಗಿ ಬೈದಿತ್ತು. ಎದೆ ಧಗಧಗ ಉರಿಯಿತು.

ಶೆಟ್ರು ಲೆಕ್ಕ ಬಿಡುವವರಲ್ಲ. “ಹಾಂಗಾರೆ ಭಾವಂದ್ ಮೆಷಿನ್ ಬರದ್ದ್. ನಮ್ದ್ ಆ ದಯವಿಟ್ಟು ದಯವಿಟ್ಟು ಯಾರ್ ಬರದ್ದ್?”

“ಅದೂ ಮೆಷಿನ್ನೇ” ಎಂದೆ.

“ಹಾಂಗಾರೆ ನೀವ್ ಎಂತ ಮಾಡ್ರಿ ಮರ್ರೆ?”

“ಸಹಿ” ಎಂದೆ.

ಶೆಟ್ರು ಎದ್ದರು. ಮೆಟ್ಟಿಲ ಕಡೆ ಒಮ್ಮೆ ನೋಡಿ, ಮೊಣಕಾಲು ಹಿಡಿದುಕೊಂಡು ಮತ್ತೆ ಕುಳಿತರು. “ಆಯ್ತ್, ಇನ್ನೊಂದ್ ಬರ್ಸಿ. ಆದ್ರೆ ಈ ಸಲ ನಿಮ್ಮ್ ಹಾಂಗೇ ಬೈಯ್ಕ್ ಅಂದೇಳಿ ಅದ್ರ ಹತ್ರ ಸಮಾ ಹೇಳಿ.”

ನಾನೇ ಬರೆಯುತ್ತೇನೆ ಎನ್ನುವಷ್ಟು ಧೈರ್ಯ ನನ್ನಲ್ಲಿ ಉಳಿದಿರಲಿಲ್ಲ. ಕಂಪ್ಯೂಟರಿನ ಮುಂದೆ ಕುಳಿತು, ನನ್ನ ಹೆಸರನ್ನೇ ಟೈಪಿಸಿ, ಈ ವಕೀಲರ ಶೈಲಿಯಲ್ಲಿ ಬರೆದುಕೊಡು ಎಂದೆ. ಆ ವಕೀಲರ ಪರಿಚಯ ನನಗಿಲ್ಲ, ಮಾದರಿಗೆ ಅವರ ಬರಹವೊಂದನ್ನು ಕೊಡಿ ಎಂದಿತು. ಕಪಾಟಿನಿಂದ ನನ್ನ ಹಳೆಯ ನೋಟೀಸುಗಳನ್ನು ಇಳಿಸಿದೆ. ಗಡಿಕಲ್ಲಿನದ್ದೂ ಸೇರಿದಂತೆ ಎಲ್ಲವನ್ನೂ ಓದಿದೆ. ಕನ್ನಡಕದ ವಾಕ್ಯ ಕೇಳಿದ ಮೇಲೆ ಎಲ್ಲ ನೀರು ಮಜ್ಜಿಗೆಯಂತೆ ಕಂಡವು. ಶೆಟ್ರು ಕಾಯುತ್ತಿದ್ದರು. ನಾನು ಹೆಸರು, ಊರು ಅಳಿಸಿ, ಇದು ನನ್ನ ಬರಹದ ಮಾದರಿ ಎಂದು ಜಯಂತಿಯ ಉತ್ತರವನ್ನೇ ಕೊಟ್ಟೆ.