ಒಂದು ಬೋಲ್ಟಿಗೆ ಎರಡು ನಟ್ಟು

ಆ ಮೇವು ಕತ್ತರಿಸುವ ಯಂತ್ರಕ್ಕೆ ನಾನು ಕೊಟ್ಟ ಬೆಲೆ ಒಂದು ಎಮ್ಮೆ. ಸಂತೆಯಲ್ಲಿ ಸಿಗುವ ಯಾವುದೋ ಎಮ್ಮೆ ಅಲ್ಲ. ನನ್ನ ಹೆಂಡತಿ ಶಾಂತವ್ವ ತನ್ನ ತವರು ಹಿರೋಳ್ಳಿಯಿಂದ ಕರುವಾಗಿದ್ದಾಗ ಹೊಡೆದುಕೊಂಡು ಬಂದು, ಸಾಕಿ, ಕರಿಯವ್ವ ಎಂದು ಹೆಸರಿಟ್ಟು ಕರೆದರೆ ಓಗೊಡುವಂತೆ ಮಾಡಿದ ಎಮ್ಮೆ. ದುಡ್ಡು ಕೊಡದೆ ಎಮ್ಮೆ ಯಾಕೆ ಕೊಟ್ಟೆ ಎಂದು ನೀವು ಕೇಳಬಹುದು. ಆಗ ದೊಡ್ಡ ಲಡಾಯಿ ನಡೆದಿತ್ತು. ಹೊಸ ಕಬ್ಬಿಣ ನಮ್ಮ ಆಳಂದದ ಪೇಟೆಗೆ ಬರುವುದೇ ನಿಂತಿತ್ತು. ಬಂದರೂ ಅಂಗಡಿಯವರು ನಮ್ಮ ಹೈದರಾಬಾದಿನ ಹಾಲಿ ಸಿಕ್ಕಾ ರೂಪಾಯಿ ಕಂಡರೆ ಮುಖ ತಿರುಗಿಸಿ, ಸೋಲಾಪುರದ ಕಡೆ ನಡೆಯುವ ಇಂಗ್ರೇಜಿ ಸರಕಾರದ ಕಲ್ದಾರ್ ರೂಪಾಯಿ ಇದ್ದರೆ ಮಾತಾಡು ಅನ್ನುತ್ತಿದ್ದರು. ನನ್ನ ಹತ್ತಿರ ಎರಡೂ ಇರಲಿಲ್ಲ. ಎಮ್ಮೆ ಇತ್ತು. ಇದ್ದದ್ದನ್ನು ಕೊಟ್ಟು ಇಲ್ಲದ್ದನ್ನು ತರುವುದೇ ವ್ಯಾಪಾರ. ಇದ್ದದ್ದು ಯಾರದು ಅನ್ನುವುದು ಮನೆಯೊಳಗಿನ ಮಾತು, ಅದನ್ನು ಪೇಟೆಯಲ್ಲಿ ಯಾರೂ ಕೇಳುವುದಿಲ್ಲ.

ನಾನು ಸಾಲಿಯಲ್ಲಿ ಕಲಿತದ್ದು ಕಡಿಮೆ, ಸಂತೆಯಲ್ಲಿ ಕಲಿತದ್ದು ಬಹಳ. ಹರಿದ ಗೋಣಿಚೀಲ ಕೊಂಡು, ಹೊಲಿಸಿ, ಮಾರಿ ಮೇಲೆ ಬಂದವನು. ಚೌಕಾಸಿಯಲ್ಲಿ ನನ್ನದೊಂದು ಪದ್ಧತಿ ಉಂಟು. ಹೇಳಿದ ದರ ಇಳಿಯದಿದ್ದರೆ ಅದಕ್ಕಾಗಿ ಗಂಟಲು ಹರಿದುಕೊಳ್ಳಬಾರದು. ಸಾಮಾನಿನಲ್ಲಿ ನಮಗೆ ಬೇಡವಾದದ್ದು ಏನಿದೆ ಎಂದು ಹುಡುಕಿ, ಅದನ್ನು ಬಿಚ್ಚಿಸಿಟ್ಟು, ಅದರ ಬೆಲೆ ಕಳೆಸಬೇಕು. ಒಮ್ಮೆ ಕೊಡೆ ಕೊಳ್ಳುವಾಗ ಹೀಗೇ ಮಾಡಿದೆ. ಕೋಲು ಇರುವಾಗ ತುದಿಗೆ ಡೊಂಕು ಹಿಡಿಕೆ ಯಾಕೆ ಎಂದು ವಾದಿಸಿ, ಹಿಡಿಕೆ ಇಲ್ಲದ ಕೊಡೆಯನ್ನು ಅಗ್ಗಕ್ಕೆ ತಂದೆ. ಮೊದಲ ಮುಂಗಾರಿ ಗಾಳಿಗೇ ಅದು ನನ್ನ ಮುಷ್ಟಿಯಿಂದ ಜಾರಿ ಸೋಲಾಪುರದ ದಿಕ್ಕಿಗೆ ಹೋಯಿತು. ಅಂದು ನಾನು ಬೈದದ್ದು ಗಾಳಿಯನ್ನು. ಹಿಡಿಕೆಯ ವಿಚಾರ ತಲೆಗೆ ಬರಲಿಲ್ಲ.

ಯಂತ್ರ ಇದ್ದದ್ದು ಕಾಸಿಂಸಾಬನ ಹಳೆ ಕಬ್ಬಿಣದ ಅಂಗಡಿಯಲ್ಲಿ. ನೋಡಲು ಗಂಭೀರವಾದ ಸಾಮಾನು. ಎದೆಯ ಮಟ್ಟಕ್ಕೆ ಬರುವ ಬೀಡು ಕಬ್ಬಿಣದ ಚಕ್ರ, ತಿರುಗಿಸಲು ಒಂದು ಹಿಡಿ. ಚಕ್ರದ ಎರಡು ಅರಗಳ ಮೇಲೆ ಕುಡುಗೋಲಿನಂತೆ ಬಾಗಿದ ಎರಡು ದೊಡ್ಡ ಅಲಗು. ಪಕ್ಕದ ತೊಟ್ಟಿಯಲ್ಲಿ ಜೋಳದ ಕಣಿಕೆ ಇಟ್ಟು ಮುಂದೆ ನೂಕಿದರೆ, ಕಬ್ಬಿಣದ ಬಾಯಿಂದ ಹೊರಗೆ ಬಂದದ್ದನ್ನು ಅಲಗುಗಳು ಚಕಚಕ ತುಂಡು ಮಾಡುತ್ತವೆ. ಅಲಗಿಗೂ ಆ ಬಾಯಿಗೂ ನಡುವೆ ಕಾಗದ ತೂರುವಷ್ಟೇ ಸಂದು. ಅಲಗು ಅರಕ್ಕೆ ಕಚ್ಚಿಕೊಂಡಿದ್ದದ್ದು ಬೋಲ್ಟುಗಳಿಂದ. ಪ್ರತಿ ಬೋಲ್ಟಿಗೂ ಒಂದು ಸೀಳು ಉಂಗುರ, ಅದರ ಮೇಲೆ ಒಂದು ನಟ್ಟು, ಆ ನಟ್ಟಿನ ನೆತ್ತಿಯ ಮೇಲೆ ಇನ್ನೊಂದು ನಟ್ಟು. ಕಾಸಿಂಸಾಬ ಎಮ್ಮೆಯ ಜೊತೆ ಒಂದು ಚೀಲ ಜೋಳವೂ ಬೇಕು ಎಂದು ಕೂತುಬಿಟ್ಟಿದ್ದ. ನಾನು ಯಂತ್ರದ ಸುತ್ತ ತಿರುಗಿ, ಬೇಡವಾದದ್ದನ್ನು ಕಂಡುಹಿಡಿದೆ.

"ಒಂದು ಬೋಲ್ಟಿಗೆ ಎರಡು ನಟ್ಟು ಯಾಕ್ರಿ ಸಾಬರ? ಒಂದು ತಲಿಗೆ ಎರಡು ರುಮಾಲು ಯಾರರ ಸುತ್ತತಾರೇನು?"

"ಕೆಳಗಿಂದು ಅಲಗು ಹಿಡಿತದ, ಮ್ಯಾಗಿಂದು ಕೆಳಗಿನ ನಟ್ಟು ಹಿಡಿತದ," ಅಂದ ಕಾಸಿಂಸಾಬ. "ಚಕ್ರ ತಿರುಗೋ ಸಾಮಾನು ಭಾಯಿ. ನಡುಗತದ."

"ಮತ್ತ ಮ್ಯಾಗಿನ ನಟ್ಟು ಯಾರು ಹಿಡಿತಾರ? ಹಿಂಗ ಏರಿಸ್ಕೊಂತ ಹೋದ್ರ ಮುಗಿಲಿಗೆ ಹತ್ತತದ. ಇವು ತಗೀರಿ, ಆ ಸೀಳು ಉಂಗುರಾನೂ ತಗೀರಿ. ಒಡದ ಉಂಗುರ ನಮಗ ಯಾಕ. ಜೋಳದ ಮಾತು ಬಿಡ್ರಿ."

ಕಾಸಿಂಸಾಬ ಮೇಲಿನ ನಟ್ಟು, ಉಂಗುರ ಎಲ್ಲ ಬಿಚ್ಚಿ ಕರವಸ್ತ್ರದಲ್ಲಿ ಗಂಟು ಕಟ್ಟಿ ಗೂಟಕ್ಕೆ ತೂಗುಹಾಕಿದ. ಜೋಳ ಉಳಿಯಿತು. ಅಷ್ಟೇ ಅಲ್ಲ, ಇನ್ನೊಂದು ಕರಾರನ್ನೂ ನಾನು ಗೆದ್ದೆ: ದೀಪಾವಳಿಯೊಳಗೆ ಯಂತ್ರ ಬೇಡ ಅನ್ನಿಸಿದರೆ, ಅದು ಮುಕ್ಕಾಗದೆ ಇದ್ದರೆ, ವಾಪಸು ಕೊಟ್ಟು ಎಮ್ಮೆ ಹೊಡೆದುಕೊಂಡು ಬರಬಹುದು. ಈ ಕರಾರು ಶಾಂತವ್ವನಿಗಾಗಿ. ಕರಿಯವ್ವನ ಕಣ್ಣಿ ಬಿಚ್ಚುವಾಗ ಅವಳು ಅಳಲಿಲ್ಲ, ಬೈಯಲಿಲ್ಲ. "ದೀಪಾವಳಿಗೆ ಮಶೀನರ ದುಡಿಬೇಕು, ಇಲ್ಲಾ ನನ್ನ ಎಮ್ಮಿಯರ ಬರಬೇಕು. ಎರಡೂ ಇಲ್ಲಂದ್ರ ನಾನು ಹಿರೋಳ್ಳಿಗೆ ಹೋಗತೇನಿ," ಅಂದಳು. ಹೊಸಲು ಸಾರಿಸುತ್ತಾ, ನೀರು ಕಾದಿದೆ ಅನ್ನುವ ದನಿಯಲ್ಲಿ ಹೇಳಿದಳು. ಅದಕ್ಕೇ ನನಗೆ ದಿಗಿಲಾಯಿತು.

ಯಂತ್ರ ದುಡಿಯಿತು. ಅಕ್ಕಪಕ್ಕದವರು ಕಣಿಕೆ ಹೊರೆ ತಂದು ಕತ್ತರಿಸಿಕೊಂಡು ಹೋಗತೊಡಗಿದರು. ಆದರೆ ಒಂದು ತಾಪತ್ರಯ. ನಟ್ಟುಗಳು ತಾವಾಗಿಯೇ ಸಡಿಲಾಗುತ್ತಿದ್ದವು. ಹಳೆ ಕಣಿಕೆ ಕಟ್ಟಿಗೆಯಂತೆ ಗಟ್ಟಿ; ಒಂದೊಂದು ಏಟಿಗೂ ಚಕ್ರ ನಡುಗುತ್ತಿತ್ತು, ನಡುಗಿದಷ್ಟೂ ನಟ್ಟು ತಿರುವು ಬಿಚ್ಚಿಕೊಳ್ಳುತ್ತಿತ್ತು. ಹಾಗಾಗಿ ಪ್ರತಿ ಹೊರೆಗೂ ಮೊದಲು ನಾನು ಪಾನಾ ತೆಗೆದುಕೊಂಡು ನಟ್ಟು ಬಿಗಿಯುತ್ತಿದ್ದೆ. ನೋಡುವವರಿಗೆ ಇದು ದೊಡ್ಡ ಕಸಬಿನಂತೆ ಕಾಣುತ್ತಿತ್ತು. ನಾನೂ ಹಾಗೇ ಮುಖ ಮಾಡಿಕೊಂಡು ಬಿಗಿಯುತ್ತಿದ್ದೆ. ಒಂದು ಚೀಲ ಜೋಳ ಉಳಿಸಿದವನು ಪಾನಾ ತಿರುವುವುದಕ್ಕೆ ಬೇಸರಪಟ್ಟರೆ ಹೇಗೆ?

ಅಷ್ಟರಲ್ಲಿ ಮಹಾನವಮಿ ಬಂತು. ನಮ್ಮಲ್ಲಿ ಅಂದು ಖಂಡೆ ಪೂಜೆ. ಮನೆಯ ಕಬ್ಬಿಣವೆಲ್ಲ, ಕುಡುಗೋಲು, ಕೊಡಲಿ, ಈಳಿಗೆ, ತೊಳೆದು ಮಣೆಯ ಮೇಲೆ ಕೂಡುತ್ತವೆ. ಮರುದಿನ ಬನ್ನಿಗೆ ಹೋಗುವ ಮುಂಚೆ ಪೂಜೆ ಇಳಿಸುವ ತನಕ ಅವನ್ನು ಯಾರೂ ಮುಟ್ಟುವಂತಿಲ್ಲ. ಶಾಂತವ್ವ ಯಂತ್ರದ ಅಲಗುಗಳನ್ನೂ ಬಿಚ್ಚಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಬೋಲ್ಟು ನಟ್ಟುಗಳಿಗೆಲ್ಲ ಕುಸುಬಿ ಎಣ್ಣೆ ಸವರಿದಳು. ನಾನು ಅಲಗು ತಿರುಗಿ ಕೂಡಿಸಿ, ನಟ್ಟು ಬೆರಳಿನಿಂದ ಸುತ್ತಿ ಪಾನಾಕ್ಕೆ ಕೈ ಚಾಚಿದರೆ, ಅದು ಆಗಲೇ ಮಣೆಯ ಮೇಲೆ ಕುಂಕುಮ ಇಡಿಸಿಕೊಂಡು, ಚೆಂಡುಹೂ ಮುಡಿದು ಕೂತಿತ್ತು. ಇರಲಿ, ನಾಳೆ ಬಿಗಿದರಾಯಿತು ಅಂದುಕೊಂಡೆ.

ಮಧ್ಯಾಹ್ನ ಹೋಳಿಗೆ ಉಂಡು ಅಡ್ಡಾಗಬೇಕು ಅನ್ನುವಾಗ ಬಾಗಿಲಲ್ಲಿ ಭೀಮರಾಯ ನಿಂತಿದ್ದ. ಭೀಮರಾಯ ಅಂದರೆ ಘತ್ತರಗಿಯ ಒಬ್ಬ ದೊಡ್ಡ ಜಮೀನುದಾರರ ವಾಡೆಯ ಕಾರಭಾರಿ. ವಾಡೆಯ ಕೊಟ್ಟಿಗೆಯಲ್ಲಿ ಎತ್ತುಗಳದೇ ಒಂದು ಊರು. ಅಷ್ಟಕ್ಕೂ ಮೇವು ಕತ್ತರಿಸುವ ಕೆಲಸ ಸಿಕ್ಕರೆ ದೀಪಾವಳಿಯ ಚಿಂತೆಯೇ ಇಲ್ಲ. ಬೀಗರ ಮನೆಗೆ ಹೊರಟವನು, ದಾರಿಯಲ್ಲಿ ಯಂತ್ರದ ಸುದ್ದಿ ಕೇಳಿ ಬಂದಿದ್ದ. "ತಿರುವಿ ತೋರಸ್ರಿ, ನೋಡೇ ಹೋಗತೇನಿ. ನಾಳೆ ನಾ ಈ ದಾರಿಗೆ ಬರಂಗಿಲ್ಲ," ಅಂದ.

ಒಳಗಿನಿಂದ ಶಾಂತವ್ವ, "ಇವತ್ತ ಬ್ಯಾಡ್ರಿ, ಕಬ್ಬಿಣ ಕುಂತದ," ಅಂದಳು.

ನಾನು ಯೋಚಿಸಿದೆ. ಪಾನಾ ಮಣೆಯ ಮೇಲಿದೆ, ಅದನ್ನು ಎತ್ತಿದರೆ ಪೂಜೆ ಕೆಟ್ಟಂತೆ. ಆದರೆ ಚಕ್ರ ನೆಲದಲ್ಲಿ ಹೂತ ಕಂಬಕ್ಕಿದೆ. ಅದನ್ನು ಯಾರೂ ಎತ್ತುವುದಿಲ್ಲ, ಬರೀ ತಿರುಗಿಸುವುದು. ಕಣಿಕೆ ತಾನಾಗಿ ಮುಂದೆ ಬಂದು ಕತ್ತರಿಸಿಕೊಂಡರೆ ಅದರಲ್ಲಿ ನಮ್ಮ ತಪ್ಪೇನು? ದೇವರ ಜೊತೆಗೂ ಹೀಗೆ ಚೌಕಾಸಿ ಮುಗಿಸಿ ನಾನು ಹಿಡಿ ಹಿಡಿದೆ.

ಮೊದಲ ಹಿಡಿ ಕಣಿಕೆ ಚೆನ್ನಾಗಿಯೇ ತುಂಡಾಯಿತು. ಭೀಮರಾಯ ತಲೆ ಆಡಿಸಿದ. ನಾನು ಹುರುಪಿನಲ್ಲಿ ಇನ್ನೂ ಜೋರಾಗಿ ತಿರುವಿದೆ. ಎಣ್ಣೆ ಕುಡಿದ ನಟ್ಟುಗಳು ನನಗಿಂತ ಹುರುಪಿನಲ್ಲಿದ್ದವು. ಒಂದು ಅಲಗು ಜಾರಿ, ಕಬ್ಬಿಣದ ಬಾಯಿಗೆ ಬಡಿಯಿತು. ಕಿವಿ ಕಿವುಡಾಗುವ ಸದ್ದು. ಅಲಗು ನಡುವೆ ಮುರಿಯಿತು. ಮುರಿದ ತುಂಡು ಅಂಗಳ ದಾಟಿ, ಭೀಮರಾಯನ ರುಮಾಲಿನ ಪಕ್ಕದಿಂದಲೇ ಹಾದು, ಹಿಂದಿನ ಕಣಿಕೆ ಬಣವೆಯಲ್ಲಿ ನೆಟ್ಟುಕೊಂಡಿತು. ಯಾರಿಗೂ ಗಾಯವಾಗಲಿಲ್ಲ. ಭೀಮರಾಯ ಎರಡೂ ಕಿವಿ ಮುಟ್ಟಿ ನೋಡಿಕೊಂಡ. ಆಮೇಲೆ ಬಹಳ ಶಾಂತವಾಗಿ ಕೇಳಿದ: "ಇದು ಮೇವು ಕತ್ತರಸ್ತದೋ, ಗಿರಾಕಿನೋ?" ಚಪ್ಪಲಿ ಮೆಟ್ಟಿಕೊಂಡು ಹೋದ.

ಶಾಂತವ್ವ ಹೊರಗೆ ಬಂದು ಮುರಿದ ಅಲಗನ್ನು ನೋಡಿದಳು. ಗಿರಾಕಿ ಹೋಗಿದ್ದ, ಯಂತ್ರ ದುಡಿಯುವಂತಿರಲಿಲ್ಲ, ಮುಕ್ಕಾದ ಯಂತ್ರವನ್ನು ಕಾಸಿಂಸಾಬ ವಾಪಸು ತೆಗೆದುಕೊಳ್ಳುವಂತಿರಲಿಲ್ಲ. ಅಂದರೆ ಕರಿಯವ್ವ ಹೋದಂತೆ. ಇದನ್ನೆಲ್ಲ ಅವಳಿಗೆ ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ. "ಅವು ಬಿಚ್ಚಿಸಿದ್ರಲ್ಲ ಮ್ಯಾಗಿನ ನಟ್ಟು, ಅವು ಎಲ್ಲಿ ಅವ?" ಎಂದಷ್ಟೇ ಕೇಳಿದಳು. ಕಾಸಿಂಸಾಬನ ಗೂಟದಲ್ಲಿವೆ ಅಂದೆ. ಅವಳು ಒಳಗೆ ಹೋದಳು.

ಅಂದು ಸಂಜೆಯೆಲ್ಲ ನಾನು ವಾದ ಹೆಣೆದೆ. ಅಲಗು ಮೊದಲೇ ಸೀಳು ಬಿಟ್ಟಿತ್ತು ಅನ್ನಬೇಕು; ಬೀಡು ಕಳಪೆ ಅನ್ನಬೇಕು; ನಡುಗುವ ಸಾಮಾನು ಎಂದು ಅವನೇ ಒಪ್ಪಿದ್ದಾನೆ ಅನ್ನಬೇಕು. ಮರುದಿನ ಪೂಜೆ ಇಳಿಸಿ, ಬನ್ನಿ ಎಲೆ ಜೇಬಿಗೆ ಹಾಕಿಕೊಂಡು ಕಾಸಿಂಸಾಬನ ಮನೆಗೆ ಹೋದರೆ, ಅವನ ಹಿತ್ತಿಲಲ್ಲಿ ಶಾಂತವ್ವ ಕುಕ್ಕುರುಗಾಲಲ್ಲಿ ಕೂತು ಕರಿಯವ್ವನ ಹಾಲು ಹಿಂಡುತ್ತಿದ್ದಳು. ತಂಬಿಗೆಯಲ್ಲಿ ನೊರೆ ಏರುತ್ತಿತ್ತು. ಕಾಸಿಂಸಾಬ ಅವಳು ಕೊಟ್ಟ ಬನ್ನಿ ಎಲೆ ಕೈಯಲ್ಲಿ ಹಿಡಿದು, ಕಣ್ಣು ಅಗಲಿಸಿ ನಿಂತಿದ್ದ.

"ಬಂದ ದಿನದಿಂದ ಒಂದು ಪಾವು ಹಾಲೂ ಇಳಿಸಿಲ್ಲ ಭಾಯಿ," ಅಂದ ನನಗೆ. "ಒದಿತದ. ನಮ್ಮ ಮನ್ಯಾಗ ಕರೀ ಚಹಾ ಕುಡಿಲಾಕತ್ತೀವಿ. ನಾಚಿಕಿಗೆ ಯಾರ ಮುಂದೂ ಹೇಳಿಲ್ಲ."

"ಕರು ಸತ್ತಾಗಿಂದ ಅದು ನನ್ನ ಕೈಗಷ್ಟೇ ಹಾಲು ಬಿಡತದ್ರಿ," ಅಂದಳು ಶಾಂತವ್ವ, ಹಿಂಡುವುದನ್ನು ನಿಲ್ಲಿಸದೆ.

"ಮತ್ತ ಸೌದಾ ಮಾಡುವಾಗ ನನಗ ಯಾಕ ಹೇಳಲಿಲ್ಲ ನೀ?" ಅಂದೆ ನಾನು.

"ನೀವು ಕೇಳಿದ್ರೇನು?"

ನಾನು ಹೆಣೆದ ವಾದ ಬಿಚ್ಚುವ ಮೊದಲೇ ಅವರಿಬ್ಬರ ನಡುವೆ ಹೊಸ ಸೌದಾ ಮುಗಿದೇ ಹೋಗಿತ್ತು. ಕರಿಯವ್ವ ನಮ್ಮ ಮನೆಗೆ ಬರುವುದು. ಯಂತ್ರದ ಬೆಲೆ ತೀರುವ ತನಕ ಬೆಳಗಿನ ಹಾಲು ಕಾಸಿಂಸಾಬನ ಮನೆಗೆ ಹೋಗುವುದು. ಗೂಟದಲ್ಲಿದ್ದ ಗಂಟೂ, ಮುರಿದದ್ದರ ಬದಲು ಒಂದು ಹಳೆ ಅಲಗೂ ಇದರ ಮೇಲೆ ಪುಕ್ಕಟೆ. ಚಟ ಬಿಡಬೇಕಲ್ಲ, "ಬೆಳಗಿನ ಹಾಲು ಪೂರಾ ಅಂದ್ರ ಜರಾ ಹೆಚ್ಚಾತು," ಎಂದು ನಾನು ಶುರುಮಾಡಿದೆ. ಶಾಂತವ್ವ ನನ್ನ ಕಡೆ ನೋಡಿದಳು. ಕರಿಯವ್ವನೂ ನೋಡಿತು. ನಾನು ಜೇಬಿನಿಂದ ಬನ್ನಿ ಎಲೆ ತೆಗೆದು ಕಾಸಿಂಸಾಬನ ಕೈಗಿಟ್ಟೆ.

ಉಂಗುರ, ಎರಡು ನಟ್ಟು ಕೂತ ಮೇಲೆ ಅಲಗು ಅಲುಗಿದ್ದಿಲ್ಲ. ದೀಪಾವಳಿಯ ಹೊತ್ತಿಗೆ ಭೀಮರಾಯ ಮತ್ತೆ ಬಂದ. ಗೋಡೆಯ ಹಿಂದೆ ನಿಂತು, ರುಮಾಲು ಕೈಯಲ್ಲಿ ಹಿಡಿದು, ಇಣುಕಿ ನೋಡಿ, ವಾಡೆಯ ಕೆಲಸ ಒಪ್ಪಿಸಿಹೋದ.

ಆದ್ದರಿಂದ ನಿಮಗೆ ನನ್ನ ಸಲಹೆ. ತಿರುಗುವ ಯಂತ್ರ ಕೊಳ್ಳುವಾಗ ಅಲಗಿನ ಹೊಳಪು ನೋಡಬೇಡಿ. ಅದನ್ನು ಹಿಡಿದದ್ದು ಯಾವುದು, ಹಿಡಿದದ್ದನ್ನು ಹಿಡಿದದ್ದು ಯಾವುದು ನೋಡಿ. ಬಿಗಿದ ಮೇಲೆ ಬೋಲ್ಟಿನ ತುದಿಗೂ ನಟ್ಟಿಗೂ ಸೇರಿಸಿ ಒಂದು ಸುಣ್ಣದ ಗೆರೆ ಎಳೆಯಿರಿ. ಗೆರೆ ಮುರಿದರೆ ನಟ್ಟು ಸರಿದಿದೆ ಎಂದು ತಿಳಿದು ಚಕ್ರ ನಿಲ್ಲಿಸಿ. ಪೂಜೆಗೆ ಕುಂಕುಮ ಸಾಕು, ನಟ್ಟಿಗೆ ಎಣ್ಣೆ ಬೇಡ. ಸೀಳು ಉಂಗುರ ಒಡೆದದ್ದು ಎಂದು ಎಸೆಯಬೇಡಿ, ಅದು ಹಾಗೇ ಇರಬೇಕಾದದ್ದು. ಪೇಟೆಯಲ್ಲಿ ಸಿಗದಿದ್ದರೆ ಆಳಂದದ ನಮ್ಮ ಮನೆಗೆ ಬನ್ನಿ, ಅಂಥವನ್ನು ನಾನೀಗ ಒಂದು ಡಬ್ಬಿ ತುಂಬ ಕೊಂಡಿಟ್ಟಿದ್ದೇನೆ. ಯಾವುದು ಯಾವ ಬೋಲ್ಟಿಗೆ ಎಂದು ನಾನು ತೋರಿಸುತ್ತೇನೆ. ದರದ ಮಾತು ಮಾತ್ರ ಹಿತ್ತಿಲಿಗೆ ಹೋಗಿ ಆಡಿ. ಬೆಳಗಿನ ಹೊತ್ತು ಶಾಂತವ್ವ ಅಲ್ಲೇ ಹಾಲು ಹಿಂಡುತ್ತಿರುತ್ತಾಳೆ.