ಹೊಲಿಗೆ ಮಷಿನಿಗೆ ನಾನು ಮ್ಯಾನೇಜರನಾದದ್ದು

ವಾಡಿಯ ಕಾರ್ಖಾನೆಯೊಂದರ ಉಗ್ರಾಣದಲ್ಲಿ ನಾನು ಗುಮಾಸ್ತ. ಅಲ್ಲಿ ಒಂದು ನಟ್ಟಿಗೂ ನಂಬರಿಲ್ಲದೆ ಬದುಕುವ ಹಕ್ಕಿಲ್ಲ. ಅಂಥ ನನ್ನ ಮನೆಯಲ್ಲೇ ನಂಬರಿಲ್ಲದ ವ್ಯಾಪಾರ ನಡೆದಿತ್ತು! ನನ್ನ ಹೆಂಡತಿ ನೀಲಮ್ಮ ಪಡಸಾಲೆಯಲ್ಲಿ ಮಷಿನ್ ಇಟ್ಟುಕೊಂಡು ಓಣಿಯ ಹೆಂಗಸರಿಗೆ ಕುಪ್ಪಸ ಹೊಲಿಯುತ್ತಿದ್ದಳು. ಅವರು ಹೊಸ ಬಟ್ಟೆಯನ್ನೂ ಅಳತೆಗೊಂದು ಹಳೆ ಕುಪ್ಪಸವನ್ನೂ ಅರಿವೆಯಲ್ಲಿ ಗಂಟು ಕಟ್ಟಿ, ಹಿತ್ತಲ ಬಾಗಿಲಿಂದ ಬಂದು ಇಟ್ಟುಹೋಗುತ್ತಿದ್ದರು. ಚೀಟಿ ಇಲ್ಲ, ರಿಜಿಸ್ಟರ್ ಇಲ್ಲ. ನೋಡಿ ನೋಡಿ ನನಗೆ ತಡೆಯಲಾಗಲಿಲ್ಲ.

“ಯಾವ ಗಂಟು ಯಾರದಂತ ಹ್ಯಾಂಗ ಗೊತ್ತಾಗ್ತದ ನಿನಗ?”

“ಗಂಟಿನ ಅರಿವಿ ನೋಡಿದ್ರ ಗೊತ್ತಾಗ್ತದಲ್ರಿ. ಇದು ಬಾಜೂಮನಿ ಶರಣಮ್ಮನ ಗಂಡನ ಹಳೀ ಧೋತರ. ಅದು ಹಿಂದಿನ ಓಣಿ ಖಾಜಾಬಿ ದುಪಟ್ಟಾ.”

“ಹಿಂಗ ಧಂದೆ ನಡೀತದೇನು?”

“ಹನ್ನೆರಡು ವರ್ಷದಿಂದ ನಡದದಲ್ರಿ!”

ಎಂಥ ಅಜ್ಞಾನ!

ನೀಲಮ್ಮ ಎರಡು ದಿನ ಕಾಳಗಿಯ ತವರಿಗೆ ಹೋದಳು. ನಾನು ಸುಧಾರಣೆಗೆ ಸೊಂಟ ಕಟ್ಟಿದೆ. ಹದಿನಾರೂ ಗಂಟು ಬಿಚ್ಚಿದೆ. ಹೊಸ ಬಟ್ಟೆಗಳನ್ನು ಒಂದು ಕಡೆ ಬಣ್ಣವಾರು ಜೋಡಿಸಿ, ಹಳೆ ಕುಪ್ಪಸಗಳನ್ನು ಇನ್ನೊಂದು ಕಡೆ ಒಟ್ಟಿದೆ. ಜೋಡಿಗೊಂದು ನಂಬರು ಬರೆದು, ಜೋಳದ ಹಿಟ್ಟಿನ ಅಂಟು ಕಾಸಿ ಚೀಟಿ ಹಚ್ಚಿದೆ. ರಿಜಿಸ್ಟರಿನಲ್ಲಿ ‘ನಂಬರ್ ಏಳು: ಧೋತರದ ಗಂಟು’ ಎಂದು ದುಂಡಗೆ ಬರೆದು, ಕೆಳಗೆ ಸಹಿಯನ್ನೂ ಮಾಡಿದೆ. ಅಂಟು ಒಣಗಲಿ ಎಂದು ಬಾಗಿಲು ತೆರೆದಿಟ್ಟು ಸ್ನಾನಕ್ಕೆ ಹೋದೆ.

ಬಂದು ನೋಡಿದರೆ ನಮ್ಮ ಆಡು ಪಡಸಾಲೆಯಲ್ಲಿ ನಿಂತು ಮೆಲುಕು ಹಾಕುತ್ತಿತ್ತು. ಒಂದೇ ಒಂದು ಚೀಟಿ ಉಳಿದಿರಲಿಲ್ಲ!

ನೀಲಮ್ಮ ಬಂದಾಗಲಾದರೂ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಹದಿನೆಂಟು ವರ್ಷ ಉಗ್ರಾಣ ನೋಡಿಕೊಂಡವನು ಆಡಿಗೆ ಸೋತೆ ಎಂದು ಹೆಂಡತಿಯ ಮುಂದೆ ಹೇಗೆ ಹೇಳುವುದು? ಯಾವ ಬಟ್ಟೆಗೆ ಯಾವ ಅಳತೆ ಕುಪ್ಪಸ ಎಂದು ಅಂದಾಜು ಮಾಡಿ ಹೊಸ ಚೀಟಿ ಬರೆದು ಹಚ್ಚಿದೆ.

ಶರಣಮ್ಮನ ಮಗಳು ಏಳು ತಿಂಗಳ ಬಸುರಿ. ಅವಳ ಕುಬಸಕ್ಕೆ, ಅಂದರೆ ಹಸಿರು ಸೀರೆ, ಹಸಿರು ಕುಪ್ಪಸ ತೊಡಿಸಿ ಆರತಿ ಮಾಡುವ ಕಾರ್ಯಕ್ಕೆ, ಎರಡೇ ದಿನ ಉಳಿದಿತ್ತು. ಊರಿಂದ ಬಂದ ನೀಲಮ್ಮ ಆ ಗಂಟು ಕೇಳಿದಳು. ನಾನು ಠೀವಿಯಿಂದ ನಂಬರ್ ಏಳನ್ನು ಎತ್ತಿಕೊಟ್ಟೆ.

“ಈ ಅಳತಿ ಆ ಹುಡುಗಿದಲ್ಲ ಅನಸ್ತದ್ರಿ. ಭಾಳ ಸಣ್ಣದದ.”

“ರಿಜಿಸ್ಟರ್ ಸುಳ್ಳು ಹೇಳೋದಿಲ್ಲ!”

“ಓದಿದವರು ಹೇಳ್ತೀರಿ” ಎಂದು ಕತ್ತರಿ ಹಿಡಿದಳು.

ಕುಬಸದ ದಿನ ಮುಂಜಾನೆ ಶರಣಮ್ಮ ಹಸಿರು ಕುಪ್ಪಸ ಹಿಡಿದು ಓಡಿಬಂದಳು. “ನೀಲಮ್ಮಾ, ತೋಳೇ ಏರವಲ್ದವ್ವಾ! ಸೇಡಮಿನಿಂದ ಬೀಗರು ಬಂದು ಕುಂತಾರ. ಹುಡುಗಿ ಅಳಲಿಕತ್ತಾಳ!”

ನಾನು ಆಡಿನ ಕತೆಯನ್ನು ಅಲ್ಲೇ ಒಪ್ಪಿಸಿದೆ. ನೀಲಮ್ಮ ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ! ಟ್ರಂಕಿನಿಂದ ತನ್ನ ಒಂದೇ ಒಂದು ಹಸಿರು ರೇಷ್ಮೆ ಸೀರೆ ತೆಗೆದು, ಸೆರಗನ್ನು ಚರಕ್ಕನೆ ಕತ್ತರಿಸಿ, ಶರಣಮ್ಮನ ಮನೆಗೆ ಹೋಗಿ ಬೀಗರ ಎದುರಿಗೇ ಕುಳಿತು ಕೈಯಿಂದಲೇ ಕುಪ್ಪಸದ ಮಗ್ಗುಲಿಗೂ ತೋಳಿಗೂ ಪಟ್ಟಿ ಕೊಟ್ಟು ಹೊಲಿದಳು. ಆರತಿ ಆಯಿತು. ನೀಲಮ್ಮನ ಹೆಸರು ಮಾತ್ರ ಹೋಯಿತು.

ಒಂದು ವಾರದಲ್ಲಿ ಹೆಂಗಸರು ಬಂದು ತಂತಮ್ಮ ಬಟ್ಟೆ ಗುರುತಿಸಿ ಹೊಲಿಸದೆಯೇ ಒಯ್ದರು. ನೀಲಮ್ಮ ಮಷಿನಿನ ಮೇಲೆ ಅರಿವೆ ಹೊದಿಸಿದಳು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಕಡೆಗೊಂದು ಭಾನುವಾರ ಖಾಜಾಬಿ ಹಿತ್ತಲಲ್ಲಿ ನಿಂತು ಪಿಸುಗುಟ್ಟಿದ್ದು ಕೇಳಿಸಿತು. “ನೀಲಮ್ಮಕ್ಕಾ, ನಿನ್ನ ಕೈ ಮ್ಯಾಲ ಎಲ್ಲಾರಿಗೂ ಭರೋಸಾ ಅದ. ಆದ್ರ ನಿಮ್ಮ ಸಾಹೇಬ್ರು ಮನ್ಯಾಗ ಇದ್ರ ಯಾರೂ ಗಂಟು ತರೋದಿಲ್ಲಂತ.”

ನಾನು ಸದ್ದಿಲ್ಲದೆ ಚಪ್ಪಲಿ ಮೆಟ್ಟಿ ಮುಂಬಾಗಿಲಿಂದ ಹೊರಬಿದ್ದೆ.

ಈಗ ರಜೆ ಬಂತೆಂದರೆ ಬೆಳಗಿನಿಂದ ಸಂಜೆವರೆಗೆ ವಾಡಿ ಸ್ಟೇಷನ್ನಿನ ಬೆಂಚಿನ ಮೇಲೆ ಇರುತ್ತೇನೆ. ಮೊನ್ನೆ ಅಲ್ಲಿನ ಹಮಾಲನೊಬ್ಬ ಕನಿಕರದಿಂದ ಕೇಳಿದ: “ಪ್ರತಿ ಐತವಾರ ಬಂದು ಕುಂದರ್ತೀರಿ. ಯಾರರ ಬರೋರದಾರೇನ್ರಿ ಸಾಹೇಬ್ರ?”

“ಯಾರೂ ಇಲ್ಲಪ್ಪ. ಮನ್ಯಾಗ ಧಂದೆ ಭಾಳ ಛಲೋ ನಡದದ” ಎಂದೆ.